ಕೂಗದ ಕುಕ್ಕರ್: ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರಿನ ಒಳಗೆ ನಡೆಯುವುದೇನು, ಬಳಸುವುದು ಹೇಗೆ

ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ ಮನೆಗೆ ಬಂದ ದಿನ ಹೆಚ್ಚಿನವರು ಕೇಳುವ ಮೊದಲ ಪ್ರಶ್ನೆ, ‘ಇದು ಯಾವಾಗ ಕೂಗುತ್ತದೆ?’ ಎಂಬುದು. ಕೂಗುವುದೇ ಇಲ್ಲ. ಹತ್ತು ನಿಮಿಷವೆಂದು ಗುಂಡಿ ಒತ್ತಿದರೆ ಹತ್ತು ನಿಮಿಷಕ್ಕೆ ಅಡುಗೆಯೂ ಆಗುವುದಿಲ್ಲ. ಮುಚ್ಚಳದ ಮೇಲಿನ ಸಣ್ಣ ತೂತಿನಿಂದ ಸ್ವಲ್ಪ ಹೊತ್ತು ಹಬೆ ಸೂಸುತ್ತದೆ, ಒಂದು ಪಿನ್ ‘ಟಕ್’ ಎಂದು ಮೇಲೇಳುತ್ತದೆ, ಅಲ್ಲಿಂದಾಚೆಗೆ ಯಂತ್ರ ಮೌನ. ಒಲೆಯ ಮೇಲಿನ ಕುಕ್ಕರಿನ ಕೂಗು ಎಣಿಸಿ ಪಳಗಿದ ಕಿವಿಗೆ ಈ ಮೌನ ದಿಗಿಲು ಹುಟ್ಟಿಸುತ್ತದೆ. ಕೆಟ್ಟುಹೋಯಿತೇ? ಸಿಡಿಯುತ್ತದೆಯೇ? ಒಳಗೆ ಏನಾದರೂ ಬೇಯುತ್ತಿದೆಯೇ?

ಬೇಯುತ್ತಿದೆ. ಆ ಮೌನವೇ ಸರಿಯಾಗಿ ಬೇಯುತ್ತಿರುವುದರ ಗುರುತು. ಅದು ಏಕೆ ಎಂಬುದು ಒಮ್ಮೆ ಅರ್ಥವಾದರೆ ಎಷ್ಟು ನೀರು ಹಾಕಬೇಕು, ಯಾವಾಗ ಹಬೆ ಬಿಡಬೇಕು, ‘ತಳ ಹಿಡಿದಿದೆ’ ಎಂದು ಪರದೆ ಎಚ್ಚರಿಸಿದಾಗ ಏನು ಮಾಡಬೇಕು ಎಂಬುದೆಲ್ಲ ಕೈಪಿಡಿ ತೆರೆಯದೆಯೇ ಹೊಳೆಯುತ್ತದೆ. ಹಾಗಾಗಿ ಗುಂಡಿಗಳ ವಿಚಾರವನ್ನು ಪಕ್ಕಕ್ಕಿಟ್ಟು ಹಬೆಯಿಂದಲೇ ಶುರುಮಾಡೋಣ.

ಹಬೆಯನ್ನು ಕಟ್ಟಿಹಾಕಿದರೆ

ಸಮುದ್ರಮಟ್ಟದಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಉರಿ ಎಷ್ಟೇ ಜೋರು ಮಾಡಿದರೂ ನೀರು ಬೇಗ ಬತ್ತುತ್ತದೆಯೇ ಹೊರತು ಅದರ ಬಿಸಿ 100 ದಾಟುವುದಿಲ್ಲ. ಹಾಕಿದ ಶಾಖವೆಲ್ಲ ನೀರನ್ನು ಹಬೆಯಾಗಿಸಲು ಖರ್ಚಾಗಿ, ಹಬೆಯ ಜೊತೆಗೇ ಹೊರಟುಹೋಗುತ್ತದೆ. ಹಬೆಗೆ ದಾರಿ ಕೊಡದಿದ್ದರೆ ಅದು ನೀರಿನ ಮೇಲೆಯೇ ಒತ್ತಿ ಕೂರುತ್ತದೆ. ಒತ್ತಡ ಹೆಚ್ಚಿದಷ್ಟೂ ನೀರಿಗೆ ಕುದಿಯುವುದು ಕಷ್ಟ. ಕುದಿಯಲಾರದ ನೀರು ಇನ್ನಷ್ಟು ಬಿಸಿಯಾಗುತ್ತದೆ.

ಹೊರಗಿನ ಗಾಳಿಯ ಒತ್ತಡಕ್ಕಿಂತ 70ರಿಂದ 80 ಕಿಲೋಪ್ಯಾಸ್ಕಲ್ ಹೆಚ್ಚು ಒತ್ತಡವಿದ್ದರೆ ಒಳಗಿನ ನೀರು 115ರಿಂದ 117 ಡಿಗ್ರಿಗೆ ಏರುತ್ತದೆ. ಬಹುತೇಕ ಎಲೆಕ್ಟ್ರಿಕ್ ಕುಕ್ಕರುಗಳ ‘ಹೈ’ ಒತ್ತಡವೆಂದರೆ ಹೆಚ್ಚುಕಡಿಮೆ ಇಷ್ಟೇ. ‘ಲೋ’ ಎಂಬುದು 40ರಿಂದ 50 ಕಿಲೋಪ್ಯಾಸ್ಕಲ್, ಅಂದರೆ 110 ಡಿಗ್ರಿಯ ಆಸುಪಾಸು. ಒಲೆಯ ಮೇಲಿಡುವ ಕುಕ್ಕರುಗಳು ಸಾಮಾನ್ಯವಾಗಿ 100 ಕಿಲೋಪ್ಯಾಸ್ಕಲ್ ಮುಟ್ಟುತ್ತವೆ. ಅಲ್ಲಿ ನೀರು 121 ಡಿಗ್ರಿಗೆ ಏರುತ್ತದೆ. ಆದ್ದರಿಂದಲೇ ಒಲೆಯ ಕುಕ್ಕರಿಗೆಂದು ಬರೆದ ಸಮಯವನ್ನು ಇದರಲ್ಲಿ ಹಾಗೆಯೇ ಹಾಕಿದರೆ ಕಾಳು ನಡುವೆ ಗಟ್ಟಿಯಾಗಿ ಉಳಿಯಬಹುದು. ನಾನು ಐದನೆಯ ಒಂದು ಪಾಲು ಹೆಚ್ಚಿಸಿ ನೋಡುತ್ತೇನೆ.

ಹದಿನೈದು ಡಿಗ್ರಿ ಹೆಚ್ಚಾದರೆ ಅಂಥದ್ದೇನು ಆದೀತು ಎನ್ನಿಸಬಹುದು. ಬೇಯುವುದೆಂದರೆ ರಾಸಾಯನಿಕ ಕ್ರಿಯೆ. ಬಿಸಿ ಪ್ರತಿ 10 ಡಿಗ್ರಿ ಏರಿದಾಗ ಅಂಥ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಒರಟು ಲೆಕ್ಕವೊಂದಿದೆ. ಹಾಗೆ ನೋಡಿದರೆ 116 ಡಿಗ್ರಿಯಲ್ಲಿ ವೇಗ ಮೂರು ಪಟ್ಟು. ಒಂದು ಗಂಟೆಯ ಕೆಲಸ ಇಪ್ಪತ್ತು ನಿಮಿಷಕ್ಕೆ ಇಳಿಯುವುದು ಹೀಗೆ.

ಈ ಉಪಾಯ ಹಳೆಯದು. ಫ್ರಾನ್ಸ್ ಮೂಲದ ಡೆನಿಸ್ ಪಾಪಿನ್ 1679ರಲ್ಲಿ ಲಂಡನ್ನಿನಲ್ಲಿ ಮೂಳೆಯನ್ನೂ ಮೆತ್ತಗೆ ಬೇಯಿಸುವ ಬಿಗಿ ಮುಚ್ಚಳದ ಪಾತ್ರೆ ಮಾಡಿ ತೋರಿಸಿದ. ಅದು ಸಿಡಿಯದಿರಲೆಂದು ತೂಕ ಕಟ್ಟಿದ ಸನ್ನೆಯ ವಾಲ್ವನ್ನೂ ಜೋಡಿಸಿದ. ಇಂದಿನ ಕುಕ್ಕರುಗಳ ವೆಯ್ಟಿಗೆ ಅದೇ ಮೂಲಪುರುಷ. ವಿದ್ಯುತ್ತಿನ ಪ್ರೆಶರ್ ಕುಕ್ಕರಿಗೆ ಚೀನಾದಲ್ಲಿ ಪೇಟೆಂಟ್ ಅರ್ಜಿ ಸಲ್ಲಿಕೆಯಾದದ್ದು 1991ರಲ್ಲಿ. ನಡುವಿನ ಮುನ್ನೂರು ವರ್ಷ ಹಬೆಯನ್ನು ಕಾಯುವ ಕೆಲಸ ಅಡುಗೆ ಮಾಡುವವರದೇ ಆಗಿತ್ತು.

ಒಳಗೆ ಇಣುಕಿದರೆ ಕಾಣುವುದು

ಪ್ಲಗ್ ತೆಗೆದು, ಒಳಪಾತ್ರೆಯನ್ನು ಎತ್ತಿ ಪಕ್ಕಕ್ಕಿಡಿ. ತಳದಲ್ಲಿ ದುಂಡನೆಯ ಲೋಹದ ತಟ್ಟೆ ಕಾಣುತ್ತದೆ. ಅದು ಹೀಟರ್. ನಡುವೆ ನಾಣ್ಯದಷ್ಟಗಲದ ಗುಬುಟು ಇದೆ. ಹೆಬ್ಬೆರಳಿನಿಂದ ಒತ್ತಿ ನೋಡಿ: ಕೆಳಗಿಳಿದು ಮತ್ತೆ ಮೇಲೆ ಬರುತ್ತದೆ. ಅದರಡಿ ಸ್ಪ್ರಿಂಗ್ ಇದೆ, ಒಳಗೆ ಬಿಸಿ ಅಳೆಯುವ ಸೆನ್ಸರ್ ಇದೆ. ಒಳಪಾತ್ರೆ ಕೂತಾಗ ಅದರ ತಳಕ್ಕೆ ಈ ಗುಬುಟು ಸದಾ ಅಂಟಿಕೊಂಡಿರಲಿ ಎಂದೇ ಸ್ಪ್ರಿಂಗ್ ಕೊಟ್ಟಿರುವುದು. ಕುಕ್ಕರಿಗೆ ತಿಳಿಯುವುದು ಪಾತ್ರೆಯ ತಳದ ಬಿಸಿ ಮಾತ್ರ. ಅಡುಗೆಯ ಬಿಸಿಯನ್ನು ಅದು ನೇರವಾಗಿ ಅಳೆಯುವುದೇ ಇಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒತ್ತಡ ಅಳೆಯುವ ಏರ್ಪಾಡು ನನಗೆ ಇಡೀ ಯಂತ್ರದಲ್ಲೇ ಹೆಚ್ಚು ಇಷ್ಟವಾದದ್ದು. ಹಲವು ಮಾದರಿಗಳಲ್ಲಿ ಮುಚ್ಚಳ ಹೊರಕವಚಕ್ಕೆ ಬಿಗಿದುಕೊಳ್ಳುತ್ತದೆ, ಒಳಪಾತ್ರೆ ಮಾತ್ರ ಹೀಟರ್ ತಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತದೆ. ಹಬೆ ತುಂಬಿದಾಗ ಮುಚ್ಚಳ ಮೇಲೆ ಹೋಗಲಾರದು; ಹಾಗಾಗಿ ಪಾತ್ರೆ ಕೆಳಗೆ ಒತ್ತಲ್ಪಡುತ್ತದೆ. ತಟ್ಟೆಯನ್ನು ಹೊತ್ತ ಉಕ್ಕಿನ ಹಾಳೆ ಕೂದಲೆಳೆಯಷ್ಟು ಬಾಗುತ್ತದೆ, ಅಡಿಯಲ್ಲಿರುವ ಸ್ವಿಚ್ಚು ತಾಗಿ ಹೀಟರಿನ ವಿದ್ಯುತ್ ಕಡಿತವಾಗುತ್ತದೆ. ಒತ್ತಡ ಇಳಿದರೆ ಹಾಳೆ ಮತ್ತೆ ನೆಟ್ಟಗಾಗಿ ಹೀಟರ್ ಹೊತ್ತಿಕೊಳ್ಳುತ್ತದೆ. ಅಡುಗೆಯ ಪಾತ್ರೆಯೇ ತಕ್ಕಡಿಯ ತಟ್ಟೆ, ತೂಗುತ್ತಿರುವುದು ಹಬೆಯನ್ನು! ಒತ್ತಡದ ಸೆನ್ಸರನ್ನೇ ಕೂರಿಸಿದ ಮಾದರಿಗಳೂ ಇವೆ. ಕೆಲಸದ ರೀತಿ ಅದೇ.

ಇನ್ನು ಮುಚ್ಚಳವನ್ನು ತಿರುಗಿಸಿ ಹಿಡಿಯಿರಿ. ಅಂಚಿನ ಸುತ್ತ ಸಿಲಿಕೋನ್ ಗ್ಯಾಸ್ಕೆಟ್ ಇದೆ. ಒಂದು ಕಡೆ ಬೆರಳ ತುದಿಯಷ್ಟು ದಪ್ಪದ ಲೋಹದ ಪಿನ್, ಅದರ ಬುಡಕ್ಕೆ ಸಿಲಿಕೋನಿನ ಪುಟ್ಟ ಟೋಪಿ. ಇದು ಫ್ಲೋಟ್ ವಾಲ್ವ್. ಇನ್ನೊಂದು ಕಡೆ ಜಾಲರಿಯ ಮುಚ್ಚಿಗೆಯಿದೆ. ಅದರ ನೇರಕ್ಕೆ ಮೇಲ್ಭಾಗದಲ್ಲಿ ಹಬೆ ಬಿಡುವ ವಾಲ್ವ್ ಕೂತಿದೆ. ಇದನ್ನು ಅಲುಗಿಸಿದರೆ ಗಡಗಡ ಎನ್ನುತ್ತದೆ, ಸಡಿಲವಾಗಿದೆ ಎಂದು ಅಂಗಡಿಗೆ ವಾಪಸು ಒಯ್ಯುವವರೂ ಇದ್ದಾರೆ. ಅದು ಇರಬೇಕಾದದ್ದೇ ಹಾಗೆ. ತನ್ನ ತೂಕದಿಂದ ತೂತಿನ ಮೇಲೆ ಕೂರುವ ವಸ್ತು ಅದು, ತಿರುಪು ಹಾಕಿ ಬಿಗಿದದ್ದಲ್ಲ.

ಪಿನ್ನಿನದು ಎರಡು ಕೆಲಸ. ಕೆಳಗಿದ್ದಾಗ ಅದರ ಸುತ್ತಲಿನ ಸಂದಿಯಿಂದ ಒಳಗಿನ ಗಾಳಿ ಹೊರಹೋಗುತ್ತದೆ. ಹಬೆ ರಭಸದಿಂದ ನುಗ್ಗಿ ಬಂದಾಗ ಪಿನ್ ಮೇಲೆದ್ದು ಸಂದಿ ಮುಚ್ಚುತ್ತದೆ, ಜೊತೆಗೆ ಮುಚ್ಚಳ ತಿರುಗದಂತೆ ಅಗುಳಿ ಹಾಕುತ್ತದೆ. ಈ ಅಗುಳಿಯನ್ನು ಕಡೆಗಣಿಸಬೇಡಿ. ಮುಚ್ಚಳ 22 ಸೆಂಟಿಮೀಟರ್ ಅಗಲವಿದ್ದರೆ, 75 ಕಿಲೋಪ್ಯಾಸ್ಕಲ್ ಒತ್ತಡದಲ್ಲಿ ಹಬೆ ಅದನ್ನು ಮೇಲಕ್ಕೆ ತಳ್ಳುವ ಬಲ ಕಾಲು ಟನ್ ತೂಕಕ್ಕಿಂತ ಹೆಚ್ಚು. ಮುಚ್ಚಳ ಬರುತ್ತಿಲ್ಲವೆಂದು ಚಾಕು ತೂರಿಸಿ ಮೀಟುವವರು ಈ ಅಂಕಿಯನ್ನು ಒಮ್ಮೆ ನೆನೆಯಬೇಕು.

ಮೊದಲ ದಿನ ಬರೀ ನೀರು

ಹೊಸ ಕುಕ್ಕರಿನಲ್ಲಿ ಮೊದಲು ಬೇಯಿಸಬೇಕಾದದ್ದು ನೀರನ್ನು. ಇದನ್ನು ಸಮಯ ಹಾಳೆಂದು ಬಿಡುವವರೇ ಹೆಚ್ಚು. ಅರ್ಧ ಗಂಟೆ ಪಕ್ಕದಲ್ಲಿ ನಿಂತು ನೋಡಿದವರಿಗೆ ಮಾತ್ರ ಯಂತ್ರದ ನಡಿಗೆ ಗೊತ್ತಾಗುತ್ತದೆ.

1. ಮೇಲೆ ಕಪಾಟು, ಪರದೆ ಏನೂ ಇಲ್ಲದ ಸಮತಟ್ಟು ಜಾಗದಲ್ಲಿಡಿ. ಒಲೆಯ ಮೇಲೆ, ಅದು ಆರಿದ್ದರೂ, ಇಡಬೇಡಿ. ಕೈತಪ್ಪಿ ಒಲೆ ಹೊತ್ತಿಕೊಂಡರೆ ಪ್ಲಾಸ್ಟಿಕ್ ತಳ ಕರಗಿಹೋಗುತ್ತದೆ.

2. ಪ್ಲಗ್ಗನ್ನು ನೇರವಾಗಿ ಅರ್ಥಿಂಗ್ ಇರುವ ಗೋಡೆಯ ಸಾಕೆಟ್ಟಿಗೆ ಹಾಕಿ. 1,000 ವ್ಯಾಟ್ ಕುಕ್ಕರ್ 230 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗಿಂತ ಹೆಚ್ಚು, 120 ವೋಲ್ಟಿನಲ್ಲಿ ಎಂಟಕ್ಕಿಂತ ಹೆಚ್ಚು ಎಳೆಯುತ್ತದೆ. ತೆಳುವಾದ ಎಕ್ಸ್‌ಟೆನ್ಷನ್ ತಂತಿ ಇದಕ್ಕೆ ತಕ್ಕುದಲ್ಲ.

3. ಒಳಪಾತ್ರೆಯ ಹೊರಮೈ ಮತ್ತು ತಳವನ್ನು ಒಣಬಟ್ಟೆಯಿಂದ ಒರೆಸಿ ಕೂರಿಸಿ. ಆಮೇಲೆ ನೀರು ಹಾಕಿ, ಮುಕ್ಕಾಲು ಲೀಟರ್ ಸಾಕು. ಈ ಕ್ರಮವನ್ನು ಒತ್ತಿ ಹೇಳಲು ಕಾರಣವಿದೆ. ಒಳಪಾತ್ರೆ ಇಡುವುದನ್ನೇ ಮರೆತು ನೀರನ್ನು ನೇರ ಹೀಟರಿನ ಮೇಲೆ ಸುರಿದವರು ಲೆಕ್ಕವಿಲ್ಲದಷ್ಟಿದ್ದಾರೆ. ಅವರಲ್ಲಿ ನಾನೂ ಒಬ್ಬ. ನಿದ್ದೆಗಣ್ಣಿನ ಬೆಳಗೊಂದರಲ್ಲಿ ತೊಳೆದ ಅಕ್ಕಿ ಸಮೇತ ಸುರಿದೆ. ಪ್ಲಗ್ ಹಾಕಿರಲಿಲ್ಲವಾಗಿ ಯಂತ್ರ ಉಳಿಯಿತು. ಬೋರಲು ಹಾಕಿ ಎರಡು ದಿನ ಒಣಗಿಸಿದರೂ ಒಂದು ವಾರ ಸಂದಿಗಳಿಂದ ಅಕ್ಕಿ ಕಾಳು ಉದುರುತ್ತಲೇ ಇತ್ತು.

4. ಗ್ಯಾಸ್ಕೆಟ್ ಎಲ್ಲ ಕಡೆ ತಂತಿಯ ಚೌಕಟ್ಟಿನೊಳಗೆ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ. ಫ್ಲೋಟ್ ಪಿನ್ ತಡೆಯಿಲ್ಲದೆ ಮೇಲೆ ಕೆಳಗೆ ಆಡಬೇಕು. ಮುಚ್ಚಳ ಬಿಗಿದು, ವಾಲ್ವನ್ನು ‘ಮುಚ್ಚು’ ಎಂಬ ಗುರುತಿಗೆ ತಿರುಗಿಸಿ, ಐದು ನಿಮಿಷಕ್ಕೆ ಹಾಕಿ.

5. ಈಗ ಗಮನಿಸಿ. ಮೊದಲ ಕೆಲವು ನಿಮಿಷ ಏನೂ ಇಲ್ಲ. ಆಮೇಲೆ ಪಿನ್ನಿನ ಬಳಿ ಗುಳುಗುಳು ಸದ್ದು, ತೆಳ್ಳಗಿನ ಹಬೆ, ನಾಲ್ಕಾರು ಹನಿ ನೀರು. ಹಬೆ ದಟ್ಟವಾಗುತ್ತದೆ. ಪಿನ್ ಒಂದೆರಡು ಸಲ ನಡುಗಿ, ಟಕ್ಕನೆ ಎದ್ದು ನಿಲ್ಲುತ್ತದೆ. ಹಬೆ ಅಲ್ಲಿಗೆ ನಿಂತಿತು. ಇದಾದ ಸ್ವಲ್ಪ ಹೊತ್ತಿಗೆ ಪರದೆಯಲ್ಲಿ 5 ಎಂದು ಮೂಡಿ ಎಣಿಕೆ ಶುರುವಾಗುತ್ತದೆ. ನಡುನಡುವೆ ಕೇಳಿಸುವ ‘ಕ್ಲಿಕ್’ ಹೀಟರ್ ಹೊತ್ತಿ ಆರುವ ಸದ್ದು.

ಪಿನ್ ಏಳುವ ಮುಂಚಿನ ಆ ಹಬೆಯನ್ನು ಸೋರಿಕೆಯೆಂದು ತಿಳಿದು ಮುಚ್ಚಳವನ್ನು ಕೈಯಿಂದ ಒತ್ತಿ ಹಿಡಿಯಬೇಡಿ. ಅಲ್ಲಿ ಹೊರಹೋಗುತ್ತಿರುವುದು ಮುಖ್ಯವಾಗಿ ಪಾತ್ರೆಯೊಳಗಿದ್ದ ಗಾಳಿ, ಅದು ಹೋಗಲೇಬೇಕು. ಗಾಳಿ ಬೆರೆತ ಹಬೆ ಅದೇ ಒತ್ತಡದಲ್ಲಿ ಶುದ್ಧ ಹಬೆಯಷ್ಟು ಬಿಸಿಯಿರುವುದಿಲ್ಲ. ಬಾಗುವ ಹಾಳೆಗೆ ಒತ್ತಡ ಮಾತ್ರ ಗೊತ್ತು, ಗಾಳಿ ಯಾವುದು ಹಬೆ ಯಾವುದು ಎಂದು ಗೊತ್ತಿಲ್ಲ.

ಗಡಿಯಾರದ ಲೆಕ್ಕ

ಪರದೆಯ ಮೇಲಿನ ಸಂಖ್ಯೆ ಒತ್ತಡ ಏರಿದ ಮೇಲಿನ ಸಮಯ ಮಾತ್ರ. ಅದಕ್ಕೆ ಮುಂಚೆ ಕಾಯುವ ಸಮಯ, ಆಮೇಲೆ ಹಬೆ ಇಳಿಯುವ ಸಮಯ ಎರಡನ್ನೂ ನೀವೇ ಕೂಡಿಸಿಕೊಳ್ಳಬೇಕು. ಜಾಹೀರಾತಿನಲ್ಲಿ ಇವೆರಡರ ಸುದ್ದಿ ಇರುವುದಿಲ್ಲ.

ಕಾಯುವ ಸಮಯ ಸರಳ ಗಣಿತ. ಎರಡು ಲೀಟರ್ ನೀರನ್ನು 25ರಿಂದ 117 ಡಿಗ್ರಿಗೆ ಏರಿಸಲು ಸುಮಾರು 770 ಕಿಲೋಜೂಲ್ ಬೇಕು. 1,000 ವ್ಯಾಟ್ ಹೀಟರಿಗೆ ಅದು ಹದಿಮೂರು ನಿಮಿಷದ ಕೆಲಸ. ಪಾತ್ರೆ ಮತ್ತು ತಟ್ಟೆ ಬಿಸಿಯಾಗಲು ಇನ್ನೊಂದೆರಡು ನಿಮಿಷ. ನೀರು ಎರಡು ಪಟ್ಟಾದರೆ ಸಮಯವೂ ಹತ್ತಿರ ಹತ್ತಿರ ಎರಡು ಪಟ್ಟು. ಅವಸರವಿದ್ದರೆ ಕುದಿಯುವ ನೀರು ಹಾಕಿ: ಅತಿ ಸುಲಭದ ಉಪಾಯ ಇದು, ಯಾಕೋ ಯಾರೂ ಮಾಡುವುದಿಲ್ಲ.

ಒತ್ತಡ ಏರಿದ ಮೇಲೆ ಖರ್ಚು ತೀರಾ ಕಡಿಮೆ. ಹಬೆ ಹೊರಹೋಗುತ್ತಿಲ್ಲ, ಹೊರಕವಚ ಮತ್ತು ನಡುವಿನ ಗಾಳಿಯ ಪದರ ಶಾಖವನ್ನು ತಡೆದಿವೆ, ಹೀಟರ್ ಆಗೊಮ್ಮೆ ಈಗೊಮ್ಮೆ ಹೊತ್ತಿಕೊಂಡರೆ ಸಾಕು. ಒಲೆಯ ಕುಕ್ಕರ್ ಕೂಗುವುದು ಹೆಚ್ಚಾದ ಹಬೆಯನ್ನು ಹೊರಚೆಲ್ಲಲು. ಇಲ್ಲಿ ಆ ಮಟ್ಟ ಮುಟ್ಟುವ ಮೊದಲೇ ಶಾಖ ನಿಲ್ಲುವುದರಿಂದ ಚೆಲ್ಲಲು ಏನೂ ಉಳಿಯುವುದಿಲ್ಲ. ಮೌನದ ಗುಟ್ಟು ಇಷ್ಟೇ. ಇದರಿಂದ ಇನ್ನೊಂದು ಸಂಗತಿಯೂ ಹೊರಡುತ್ತದೆ: ಒಳಗೆ ನೀರು ತಳಮಳ ಕುದಿಯುವುದಿಲ್ಲ. ಕುದಿಯಬೇಕಾದರೆ ಹಬೆಗೆ ಹೋಗಲು ಜಾಗ ಬೇಕಲ್ಲ. ಎಲುಬಿನ ಅಥವಾ ತರಕಾರಿಯ ಸಾರು ಇದರಲ್ಲಿ ಕದಡದೆ ತಿಳಿಯಾಗಿ ಬರುವುದು ಅದಕ್ಕೇ.

ಎತ್ತರದ ಊರಿನಲ್ಲಿರುವವರಿಗೆ ಒಂದು ಮಾತು. ಪ್ರತಿ 300 ಮೀಟರ್ ಏರಿದಂತೆ ನೀರಿನ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಕುಕ್ಕರಿನ ಹಾಳೆ ಹೊರಗಿನ ಗಾಳಿಗೆ ಹೋಲಿಸಿಯೇ ಒತ್ತಡ ತೂಗುವುದರಿಂದ ಒಳಗಿನ ಬಿಸಿಯೂ ಸ್ವಲ್ಪ ತಗ್ಗುತ್ತದೆ. 600 ಮೀಟರ್ ದಾಟಿದ ಮೇಲೆ ಪ್ರತಿ 300 ಮೀಟರಿಗೆ ಸಮಯವನ್ನು ನೂರಕ್ಕೆ ಐದರಷ್ಟು ಹೆಚ್ಚಿಸುವುದು ರೂಢಿ. ಕೆಲವು ಹೊಸ ಮಾದರಿಗಳಲ್ಲಿ ಎತ್ತರವನ್ನು ನಮೂದಿಸುವ ಸೌಲಭ್ಯವೇ ಇದೆ.

ಏನು, ಎಷ್ಟು, ಯಾವ ಕ್ರಮದಲ್ಲಿ

ಹಬೆಯಿಲ್ಲದೆ ಒತ್ತಡವಿಲ್ಲ, ನೀರಿಲ್ಲದೆ ಹಬೆಯಿಲ್ಲ. ಐದಾರು ಲೀಟರಿನ ಕುಕ್ಕರಿಗೆ ಕನಿಷ್ಠ ಕಾಲು ಲೀಟರ್‌ನಷ್ಟು ತೆಳುವಾದ ದ್ರವ ಬೇಕು. ನಿಮ್ಮ ಕೈಪಿಡಿ ಹೆಚ್ಚು ಹೇಳಿದ್ದರೆ ಅದರ ಮಾತೇ ಕೊನೆ. ದ್ರವವೆಂದರೆ ನೀರಿನಂತೆ ಹರಿಯುವಂಥದ್ದು. ಟೊಮೆಟೊ ಗೊಜ್ಜು, ಮೊಸರು, ತೆಂಗಿನಕಾಯಿಯ ಗಟ್ಟಿ ಹಾಲು ಈ ಲೆಕ್ಕಕ್ಕೆ ಸೇರುವುದಿಲ್ಲ. ಇನ್ನೊಂದೆಡೆ, ತೆರೆದ ಪಾತ್ರೆಯ ಪಾಕವನ್ನು ಇದರಲ್ಲಿ ಮಾಡುವಾಗ ನೀರು ಕಡಿಮೆ ಮಾಡಬೇಕು. ಇಲ್ಲಿ ಬತ್ತುವುದು ತೀರಾ ಸ್ವಲ್ಪ. ಹಾಕಿದ ನೀರು ಹಾಕಿದ ಹಾಗೇ ಇರುತ್ತದೆ, ಮೇಲೆ ತರಕಾರಿಯೂ ತನ್ನ ನೀರು ಬಿಡುತ್ತದೆ.

ಮೇಲಿನ ಮಿತಿ ಪಾತ್ರೆಯ ಮೂರರಲ್ಲಿ ಎರಡು ಪಾಲು. ಅಕ್ಕಿ, ಕಾಳು, ಬೇಳೆ, ಶಾವಿಗೆಯಂಥ ಉಬ್ಬುವ ನೊರೆಯುವ ಪದಾರ್ಥಕ್ಕೆ ಅರ್ಧ. ನೊರೆ ಏರಿ ವಾಲ್ವಿನ ಜಾಲರಿಗೆ ಮೆತ್ತಿಕೊಂಡರೆ ಹಬೆಯ ದಾರಿ ಕಟ್ಟುತ್ತದೆ. ಒಂದು ಚಮಚ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ ನಿಜ. ಆದರೆ ಎಣ್ಣೆಯ ಭರವಸೆಯ ಮೇಲೆ ಅರ್ಧದ ಗೆರೆ ದಾಟಬೇಡಿ.

ಒಗ್ಗರಣೆ ಅಥವಾ ಹುರಿತವನ್ನು ಇದೇ ಪಾತ್ರೆಯಲ್ಲಿ ಮಾಡುವುದಾದರೆ ಆಮೇಲೆ ನೀರು ಸುರಿದು ಮರದ ಸೌಟಿನಿಂದ ತಳವನ್ನು ಚೆನ್ನಾಗಿ ಕೆರೆಯಿರಿ. ಅಂಟಿದ ಕಂದು ಚೂರುಗಳೆಲ್ಲ ಬಿಟ್ಟುಕೊಳ್ಳಬೇಕು. ಗಟ್ಟಿ ಗೊಜ್ಜು, ಟೊಮೆಟೊ ಇವನ್ನು ಕೊನೆಯಲ್ಲಿ ಮೇಲೆ ಹಾಕಿ ಕಲಕದೆ ಬಿಡಿ. ಹಿಟ್ಟು, ಹಾಲು, ಕೆನೆ ಒತ್ತಡ ಇಳಿದ ಮೇಲೆ.

ಸಮಯದ ಅಂದಾಜು ಬೇಕೆನ್ನುವವರಿಗೆ ನನ್ನ ಗೋಡೆಗೆ ಅಂಟಿಸಿದ ಚೀಟಿಯಿಂದ ಕೆಲವು. ಎಲ್ಲವೂ ‘ಹೈ’ ಒತ್ತಡದಲ್ಲಿ. ಬಿಳಿ ಅಕ್ಕಿಗೆ ಅಳತೆಗೆ ಅಳತೆ ನೀರು, ಐದು ನಿಮಿಷ, ಆಮೇಲೆ ಹತ್ತು ನಿಮಿಷ ಮುಟ್ಟದೆ ಬಿಡುವುದು. ರಾತ್ರಿ ನೆನೆಸಿದ ಕಡಲೆಗೆ ಹದಿನೈದು; ನೆನೆಸದ ಕಡಲೆಗೆ ನಲವತ್ತು. ಮಧ್ಯಮ ಗಾತ್ರದ ಇಡೀ ಆಲೂಗೆಡ್ಡೆಗೆ ಹನ್ನೆರಡು. ಮೊಟ್ಟೆಗೆ ಐದು ನಿಮಿಷ ಒತ್ತಡ, ಐದು ನಿಮಿಷ ತಾನಾಗಿ ಇಳಿಯಲು ಬಿಡುವುದು, ಆಮೇಲೆ ಐದು ನಿಮಿಷ ತಣ್ಣೀರಿನಲ್ಲಿ. ಕಾಳಿನ ವಯಸ್ಸು ಇವನ್ನೆಲ್ಲ ಬುಡಮೇಲು ಮಾಡುತ್ತದೆ. ಎರಡು ವರ್ಷ ಡಬ್ಬಿಯಲ್ಲಿದ್ದ ಕಾಳು ಗಂಟೆ ಕಳೆದರೂ ಮಣಿಯದಿರಬಹುದು. ಕಡಿಮೆ ಬೆಂದರೆ ಮತ್ತೆ ಐದು ನಿಮಿಷ ಹಾಕಬಹುದು, ಹೆಚ್ಚು ಬೆಂದದ್ದನ್ನು ಹಿಂದಕ್ಕೆ ತರಲಾಗದು. ಹೊಸ ಪದಾರ್ಥಕ್ಕೆ ಕಡಿಮೆಯಿಂದಲೇ ಶುರುಮಾಡಿ.

ಹಬೆ ಬಿಡುವುದು: ಎಲ್ಲರೂ ಎಡವುವ ಜಾಗ

ಸಮಯ ಮುಗಿದು ಬೀಪ್ ಸದ್ದಾದಾಗ ಒಳಗಿನ ನೀರು ಇನ್ನೂ 115 ಡಿಗ್ರಿಯ ಮೇಲಿದೆ, ಒತ್ತಡ ಅದನ್ನು ಕುದಿಯಗೊಡದೆ ಹಿಡಿದಿದೆ. ವಾಲ್ವ್ ತಿರುಗಿಸಿದ ಕ್ಷಣ ಹಿಡಿತ ತಪ್ಪುತ್ತದೆ. ನೀರೆಲ್ಲ ತಳದಿಂದ ಮೇಲಿನವರೆಗೆ ಒಮ್ಮೆಗೇ ಕುದಿಯತೊಡಗುತ್ತದೆ. 117 ಡಿಗ್ರಿಯ ಒಂದು ಲೀಟರ್ ನೀರು 100ಕ್ಕೆ ಇಳಿಯುವಷ್ಟರಲ್ಲಿ ಸುಮಾರು 30 ಗ್ರಾಂ ನೀರು ಹಬೆಯಾಗಿ ಹಾರುತ್ತದೆ. ಮೂವತ್ತು ಗ್ರಾಂ ಎಂದರೆ ಎರಡು ದೊಡ್ಡ ಚಮಚ, ಅಷ್ಟೇ. ಹಬೆಯಾದಾಗ ಅದೇ ಐವತ್ತು ಲೀಟರ್ ಜಾಗ ಕೇಳುತ್ತದೆ. ಅಷ್ಟೂ ಹಬೆ ಒಂದು ತೂತಿನಿಂದ ಹೊರಬರಬೇಕು. ಗಂಜಿಯಂಥ ದ್ರವವಿದ್ದರೆ ನೊರೆಯನ್ನೂ ಜೊತೆಗೆ ಎಳೆದು ತರುತ್ತದೆ. ಅಡುಗೆಮನೆಯ ಗೋಡೆಯ ಮೇಲೆ ಬೇಳೆಯ ಚಿತ್ತಾರ ಮೂಡುವುದು ಹೀಗೆ.

ಆದ್ದರಿಂದ ಬೇಳೆ, ಕಾಳು, ಗಂಜಿ, ಅರ್ಧಕ್ಕಿಂತ ಹೆಚ್ಚು ತುಂಬಿದ ಸಾರು ಇವುಗಳಿಗೆ ವಾಲ್ವ್ ಮುಟ್ಟಬೇಡಿ. ತಾನಾಗಿ ಒತ್ತಡ ಇಳಿದು ಪಿನ್ ಬೀಳುವವರೆಗೆ ಕಾಯಿರಿ. ತುಂಬಿದ್ದನ್ನು ಅವಲಂಬಿಸಿ ಹತ್ತರಿಂದ ಮೂವತ್ತು ನಿಮಿಷ. ದೊಡ್ಡ ಮಾಂಸದ ತುಂಡಿಗೂ ಇದೇ ಸರಿ. ಒಮ್ಮೆಗೇ ಹಬೆ ಬಿಟ್ಟರೆ ತುಂಡಿನೊಳಗಿನ ರಸವೂ ಕುದಿದು ಹೊರಬಂದು ಮಾಂಸ ನಾರುನಾರಾಗುತ್ತದೆ. ಕೂಡಲೇ ಬಿಡಬೇಕಾದದ್ದು ಹಸಿರು ತರಕಾರಿ, ಮೀನು, ಮೊದಲಾದ ಒಂದು ನಿಮಿಷ ಹೆಚ್ಚಾದರೂ ಕೆಡುವ ಪದಾರ್ಥಗಳಿಗೆ. ನಡುವಿನ ದಾರಿಯೂ ಇದೆ: ಹತ್ತು ನಿಮಿಷ ಬಿಟ್ಟು, ಉಳಿದದ್ದನ್ನು ಕೈಯಿಂದ ಬಿಡುವುದು. ನನ್ನ ಅಡುಗೆಯ ಬಹುಪಾಲು ಇದರಲ್ಲೇ ನಡೆಯುತ್ತದೆ.

ಬಿಡುವಾಗ ಮುಖ ಮತ್ತು ಕೈಯನ್ನು ವಾಲ್ವಿನ ನೇರಕ್ಕೆ ಇಡಬೇಡಿ. ಉದ್ದ ಹಿಡಿಯ ಸೌಟಿನಿಂದ ಪಕ್ಕದಿಂದ ತಳ್ಳಿ. ಹಬೆಯ ಜೊತೆ ಹನಿ ಸಿಡಿಯತೊಡಗಿದರೆ ಕೂಡಲೇ ಮುಚ್ಚಿ, ಅರ್ಧ ನಿಮಿಷ ತಡೆದು, ಮತ್ತೆ ಸ್ವಲ್ಪ ಸ್ವಲ್ಪವೇ ಬಿಡಿ. ವಾಲ್ವಿನ ಮೇಲೆ ಬಟ್ಟೆ ಹೊದಿಸುವ ಅಭ್ಯಾಸ ಕೆಲವರಿಗಿದೆ. ಹಬೆಯಲ್ಲಿ ನೆಂದ ಬಟ್ಟೆ ಕೈ ಸುಡುತ್ತದೆ, ಹಬೆಯ ದಾರಿಯನ್ನೂ ಕಟ್ಟುತ್ತದೆ. ಪಿನ್ ಬಿದ್ದ ಮೇಲೂ ಮುಚ್ಚಳವನ್ನು ನಿಮ್ಮ ಕಡೆಗೆ ಎತ್ತದೆ, ಆಚೆಗೆ ವಾಲಿಸಿ ತೆರೆಯಿರಿ.

ಒಮ್ಮೊಮ್ಮೆ ಇದಕ್ಕೆ ವಿರುದ್ಧವಾದದ್ದೂ ನಡೆಯುತ್ತದೆ. ರಾತ್ರಿಯೆಲ್ಲ ಮುಚ್ಚಿಟ್ಟ ಕುಕ್ಕರ್ ಬೆಳಿಗ್ಗೆ ತೆರೆಯಲು ಬರುವುದಿಲ್ಲ. ಹಬೆ ತಣಿದು ನೀರಾಗಿ ಒಳಗೆ ನಿರ್ವಾತ ಉಂಟಾಗಿರುತ್ತದೆ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿದಿರುತ್ತದೆ. ಪಾತ್ರೆ ಪೂರ್ತಿ ತಣ್ಣಗಿದೆಯೆಂದು ಖಚಿತವಾದರೆ ವಾಲ್ವ್ ತೆರೆದು, ಕಡ್ಡಿಯಿಂದ ಪಿನ್ನನ್ನು ಮೆಲ್ಲಗೆ ಕೆಳಗೊತ್ತಿ. ಉಸ್ಸೆಂದು ಗಾಳಿ ಒಳನುಗ್ಗಿ ಮುಚ್ಚಳ ಸಡಿಲವಾಗುತ್ತದೆ.

‘ತಳ ಹಿಡಿದಿದೆ’ ಎಂಬ ಎಚ್ಚರಿಕೆ

ಸೆನ್ಸರಿಗೆ ಗೊತ್ತಿರುವುದು ತಳದ ಬಿಸಿ ಮಾತ್ರ ಎಂದೆನಲ್ಲ. ತಳದಲ್ಲಿ ನೀರು ಓಡಾಡುತ್ತಿದ್ದರೆ ಅಲ್ಲಿನ ಬಿಸಿ ನೀರಿನ ಬಿಸಿಯಿಂದ ತುಂಬ ದೂರ ಹೋಗದು. ಗಟ್ಟಿ ಗೊಜ್ಜು ಪದರವಾಗಿ ಕೂತರೆ, ಅಕ್ಕಿ ಮೆತ್ತಿದರೆ, ಅಥವಾ ಗ್ಯಾಸ್ಕೆಟ್ ಸೋರಿ ನೀರು ಬತ್ತಿದರೆ ತಳ ಒಮ್ಮೆಲೇ ಕಾದು ಹೋಗುತ್ತದೆ. ಆಗ ಯಂತ್ರ ಹೀಟರ್ ನಿಲ್ಲಿಸಿ ಎಚ್ಚರಿಸುತ್ತದೆ. ಗಾಬರಿ ಬೇಡ, ಹೆಚ್ಚಿನ ಸಲ ಅಡುಗೆ ಸೀದಿರುವುದಿಲ್ಲ, ಸೀಯುವುದರಲ್ಲಿರುತ್ತದೆ. ರದ್ದು ಗುಂಡಿ ಒತ್ತಿ, ಒತ್ತಡ ಇಳಿಸಿ, ಮುಚ್ಚಳ ತೆರೆದು ತಳ ಕೆರೆದು, ಅರ್ಧ ಲೋಟ ಬಿಸಿನೀರು ಸೇರಿಸಿ ಮತ್ತೆ ಹಾಕಿ. ತಳ ನಿಜವಾಗಿಯೂ ಕಪ್ಪಾಗಿದ್ದರೆ ಕೆರೆಯದೆ, ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ. ಕೆರೆದರೆ ಸೀದ ವಾಸನೆ ಇಡೀ ಅಡುಗೆಗೆ ಹರಡುತ್ತದೆ.

ಯಂತ್ರ ಎಚ್ಚರಿಸದೆ ಸುಮ್ಮನಿದ್ದರೂ ಅಪಾಯ ಒಮ್ಮೆಲೇ ಬರುವುದಿಲ್ಲ. ಒತ್ತಡದ ಸ್ವಿಚ್ಚು ಸೋತರೆ ವಾಲ್ವಿನ ತೂಕ ಎದ್ದು ಹಬೆ ಬಿಡುತ್ತದೆ. ಬಿಸಿ ಮಿತಿಮೀರಿದರೆ ತಟ್ಟೆಯ ಬಳಿಯ ಥರ್ಮಲ್ ಫ್ಯೂಸ್ ಕರಗಿ ವಿದ್ಯುತ್ತು ಪೂರ್ತಿ ಕಡಿತವಾಗುತ್ತದೆ. ಆ ಫ್ಯೂಸ್ ಹೋದರೆ ಕುಕ್ಕರ್ ಸತ್ತಂತೆ ಕಾಣುತ್ತದೆ, ದೀಪವೂ ಹೊತ್ತುವುದಿಲ್ಲ. ಅದನ್ನು ತಂತಿಯಿಂದ ನೇರ ಜೋಡಿಸಿ ಓಡಿಸಿಕೊಡುತ್ತೇನೆನ್ನುವ ರಿಪೇರಿಯವರ ಮಾತಿಗೆ ಒಪ್ಪಬೇಡಿ. ಫ್ಯೂಸ್ ಹೋದದ್ದು ಏಕೆಂಬುದು ಮೊದಲು ತಿಳಿಯಬೇಕು.

ಇದರಲ್ಲಿ ಮಾಡಬಾರದ್ದು

ಎಣ್ಣೆ ತುಂಬಿ ಮುಚ್ಚಳ ಬಿಗಿದು ಕರಿಯುವುದು ಬೇಡವೇ ಬೇಡ. ಡಬ್ಬಿಗಳಲ್ಲಿ ತರಕಾರಿ, ಮಾಂಸ ತುಂಬಿ ತಿಂಗಳುಗಟ್ಟಲೆ ಕೆಡದಂತೆ ಇಡುವ ಸಂಸ್ಕರಣೆಗೂ ಸಾಮಾನ್ಯ ಎಲೆಕ್ಟ್ರಿಕ್ ಕುಕ್ಕರ್ ಒದಗದು. ಬಾಟುಲಿಸಂ ಎಂಬ ಮಾರಕ ಆಹಾರವಿಷಬಾಧೆ ಉಂಟುಮಾಡುವ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಕೊಲ್ಲಲು ಡಬ್ಬಿಯ ನಡುವಿನವರೆಗೂ 116ರಿಂದ 121 ಡಿಗ್ರಿ ಬಿಸಿ ಸತತವಾಗಿ ನಿಲ್ಲಬೇಕು. ಹೊತ್ತಿ ಆರುತ್ತಾ ಸಾಗುವ ಈ ಯಂತ್ರ ಆ ಖಾತರಿ ಕೊಡಲಾರದು.

ರಾಜ್ಮಾ ಕಾಳಿನ ವಿಷಯವೂ ಹೇಳಲೇಬೇಕು. ಹಸಿ ಕೆಂಪು ರಾಜ್ಮಾದಲ್ಲಿ ಹೊಟ್ಟೆ ಕೆಡಿಸಿ ವಾಂತಿ ತರಿಸುವ ಲೆಕ್ಟಿನ್ ಎಂಬ ವಿಷಾಂಶವಿದೆ. ಜೋರು ಕುದಿಯಲ್ಲಿ ಅಥವಾ ಒತ್ತಡದಲ್ಲಿ ಚೆನ್ನಾಗಿ ಬೆಂದರೆ ಅದು ನಾಶವಾಗುತ್ತದೆ. ಅದೇ ಯಂತ್ರದ ‘ನಿಧಾನ ಬೇಯಿಸು’ ಗುಂಡಿ ಒತ್ತಿದರೆ ಕುದಿಗಿಂತ ಕೆಳಗಿನ ಬಿಸಿಯಲ್ಲಿ ಕಾಳು ಮೆತ್ತಗಾದರೂ ವಿಷ ಉಳಿಯಬಹುದು. ಕಾಳನ್ನು ಐದಾರು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಒತ್ತಡದಲ್ಲೇ ಬೇಯಿಸಿ.

‘ತಡವಾಗಿ ಶುರುಮಾಡು’ ಎಂಬ ಸೌಲಭ್ಯ ನೆನೆಯಬೇಕಾದ ಕಾಳಿಗೆ ಅನುಕೂಲ. ಹಸಿ ಮಾಂಸವನ್ನು ಹಾಗೆ ಗಂಟೆಗಟ್ಟಲೆ ಬೆಚ್ಚಗಿನ ಅಡುಗೆಮನೆಯಲ್ಲಿ ಬಿಡಬಾರದು. ಅನ್ನವನ್ನು ‘ಬೆಚ್ಚಗಿಡು’ ಸ್ಥಿತಿಯಲ್ಲಿ ಇಡುವಾಗಲೂ ಅದು 60 ಡಿಗ್ರಿಯ ಮೇಲೆಯೇ ಇರಬೇಕು. ಅಕ್ಕಿಯಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳ ಬೀಜಕಣ ಬೇಯಿಸಿದರೂ ಬದುಕುಳಿದು, ಉಗುರುಬೆಚ್ಚಗಿನ ಅನ್ನದಲ್ಲಿ ಮೊಳೆಯುತ್ತವೆ.

ತೊಳೆಯುವಾಗ, ಮತ್ತು ಕೈಕೊಟ್ಟಾಗ

ಪ್ರತಿ ಸಲ ಗ್ಯಾಸ್ಕೆಟ್ ಬಿಚ್ಚಿ ತೊಳೆದು ಒಣಗಿಸಿ. ಸಿಲಿಕೋನ್ ವಾಸನೆ ಹೀರುತ್ತದೆ, ಬೆಳ್ಳುಳ್ಳಿ ಮಸಾಲೆಯ ಘಮ ಮರುದಿನದ ಸಿಹಿಯಲ್ಲಿ ಇಣುಕುತ್ತದೆ. ಎರಡು ಗ್ಯಾಸ್ಕೆಟ್ ಇಟ್ಟುಕೊಂಡು ಖಾರಕ್ಕೊಂದು ಸಿಹಿಗೊಂದು ಮಾಡಿಕೊಳ್ಳುವುದೇ ಇದಕ್ಕಿರುವ ಮದ್ದು. ವಿನಿಗರ್, ನಿಂಬೆ, ಬಿಸಿಲು ಎಲ್ಲ ಅರೆಬರೆ ಪರಿಹಾರ. ವಾಲ್ವಿನ ಜಾಲರಿಯನ್ನು ಎಳೆದು ತೆಗೆದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಹೊರಕವಚಕ್ಕೆ ಒದ್ದೆಬಟ್ಟೆ ಸಾಕು, ನಲ್ಲಿಯ ಕೆಳಗೆ ಹಿಡಿಯಬೇಡಿ.

ಪಿನ್ ಏಳುತ್ತಿಲ್ಲ, ಮುಚ್ಚಳದ ಅಂಚಿನಿಂದ ಹಬೆ ಸೂಸುತ್ತಿದೆ ಎಂದರೆ ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ, ಅಥವಾ ಅದು ಪಾತ್ರೆ ತೊಳೆದ ಬುಟ್ಟಿಯಲ್ಲೇ ಉಳಿದಿದೆ. ಅಂಚಿನಿಂದಲ್ಲ, ಪಿನ್ನಿನಿಂದಲೇ ಬಹಳ ಹೊತ್ತು ಸೂಸುತ್ತಿದ್ದರೆ ಅದರ ಬುಡದ ಸಿಲಿಕೋನ್ ಟೋಪಿ ಹರಿದಿದೆ ಇಲ್ಲವೇ ಅಂಟಿನಿಂದ ಸಿಕ್ಕಿಕೊಂಡಿದೆ. ಎಲ್ಲಿಂದಲೂ ಹಬೆ ಬರುತ್ತಿಲ್ಲ, ಒತ್ತಡವೂ ಏರುತ್ತಿಲ್ಲ ಎಂದರೆ ನೀರು ಸಾಲದು. ಗ್ಯಾಸ್ಕೆಟ್ ಹಿಗ್ಗಿ ಸಡಿಲವಾಗಿದ್ದರೆ, ಬಿರುಕು ಕಂಡರೆ, ಹೊಸದು ಹಾಕಿ. ದಿನವೂ ಬಳಸುವವರಿಗೆ ವರ್ಷ ಒಂದೂವರೆ ವರ್ಷಕ್ಕೊಮ್ಮೆ ಈ ಕೆಲಸ ಬೀಳುತ್ತದೆ. ಕೊಳ್ಳುವಾಗ ನಿಮ್ಮ ಮಾದರಿಗೇ ಹೊಂದುವುದನ್ನು ಕೊಳ್ಳಿ, ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಸೋರಿಕೆಗೆ ಸಾಕು.

ಇದೆಲ್ಲ ಸರಿಯಿದ್ದೂ ಅಡುಗೆ ಒಂದು ದಿನ ಹಸಿ, ಒಂದು ದಿನ ಸೀದು ಎಂದಾಗುತ್ತಿದ್ದರೆ ಒಳಪಾತ್ರೆ ಎತ್ತಿ ನಡುವಿನ ಗುಬುಟನ್ನು ನೋಡಿ. ನನ್ನ ಕುಕ್ಕರ್ ಹಾಗೆ ಹದಿನೈದು ದಿನ ಕಾಡಿದಾಗ ಅಲ್ಲಿ ಸಿಕ್ಕಿದ್ದು ಒಂದೇ ಒಂದು ಒಣಗಿದ ಅಗುಳು. ಗುಬುಟಿನ ಅಂಚಿಗೆ ಮೆತ್ತಿಕೊಂಡು, ಪಾತ್ರೆಯನ್ನು ಅಕ್ಕಿ ಕಾಳಿನಷ್ಟು ಮೇಲೆ ಎತ್ತಿ ಹಿಡಿದಿತ್ತು. ಉಗುರಿನಿಂದ ಕೆರೆದು ತೆಗೆದೆ, ಒದ್ದೆಬಟ್ಟೆಯಲ್ಲಿ ಒರೆಸಿದೆ. ಆವತ್ತಿನ ಕಾಳು ಹೇಳಿದ ಹೊತ್ತಿಗೆ ಬೆಂದಿತು.